ಕೊಯ್ಲಿನ ಫೋಟೋ: ಯಾರದು, ಎಂದಿನದು, ಯಾವ ಕೆಲಸದ್ದು?



ಕಳೆದ ಮಳೆಗಾಲದಲ್ಲಿ ನಮ್ಮ ಸಂಘದ ಕಚೇರಿಯ ಹಳೆಯ ಕಪಾಟನ್ನು ಖಾಲಿ ಮಾಡಿ ಒರೆಸುವ ಕೆಲಸಕ್ಕೆ ಕೈ ಹಾಕಿದೆವು. ಗೆದ್ದಲು ಮುಟ್ಟಿದ ಲೆಡ್ಜರುಗಳ ಹಿಂದೆ ಒಂದು ರಟ್ಟಿನ ಪೆಟ್ಟಿಗೆ ಸಿಕ್ಕಿತು. ಅದರ ತುಂಬ ಕಪ್ಪು ಬಿಳುಪು ಫೋಟೋಗಳು. ಕೆಲವು ಒಂದಕ್ಕೊಂದು ಅಂಟಿಕೊಂಡಿದ್ದವು, ಕೆಲವಕ್ಕೆ ಬೂಷ್ಟು ಹಿಡಿದಿತ್ತು. ಉಳಿದವು ಚೆನ್ನಾಗಿಯೇ ಇದ್ದವು. ಅವುಗಳಲ್ಲಿ ಒಂದನ್ನು ಇಲ್ಲಿ ವಿವರಿಸಬೇಕು. ಮುಂದುಗಡೆ ಅಡಿಕೆ ಗೊನೆಗಳ ರಾಶಿ. ಪಕ್ಕದಲ್ಲಿ ಕುರ್ಚಿಯ ಮೇಲೆ ಕೋಟು ತೊಟ್ಟ ಯಜಮಾನರು. ಹಿಂದೆ ಸಾಲಾಗಿ ನಿಂತ ಏಳು ಮಂದಿ, ಒಬ್ಬನ ಸೊಂಟದಲ್ಲಿ ಕತ್ತಿ, ಇನ್ನೊಬ್ಬನ ಹೆಗಲ ಮೇಲೆ ಹಗ್ಗದ ಸುರುಳಿ. ಫೋಟೋ ತಿರುವಿ ನೋಡಿದರೆ ಶಾಯಿಯಲ್ಲಿ ಯಜಮಾನರ ಹೆಸರು ಬರೆದಿದೆ. ಅದರ ಮುಂದೆ "ಮತ್ತು ಆಳುಗಳು" ಎಂದಿದೆ. ಇಸವಿ ಇಲ್ಲ, ತೋಟ ಯಾವುದೆಂದೂ ಇಲ್ಲ.

ಅದೇ ಕಪಾಟಿನಲ್ಲಿ ಯಾರೋ ಸದಸ್ಯರು ಎಂದೋ ತಂದಿಟ್ಟ ಹಳೆಯ ಹಾಜರಿ ಪುಸ್ತಕವೂ ಒಂದಿತ್ತು. ಅದರಲ್ಲಿ ಹೆಸರುಗಳಿವೆ, ತಾರೀಕುಗಳಿವೆ, ಅರ್ಧ ದಿನ ಬಂದವರ ಲೆಕ್ಕವೂ ಇದೆ. ಅಂದರೆ ಪುಸ್ತಕದಲ್ಲಿ ಮುಖವಿಲ್ಲದ ಹೆಸರುಗಳು, ಪೆಟ್ಟಿಗೆಯಲ್ಲಿ ಹೆಸರಿಲ್ಲದ ಮುಖಗಳು. ಎರಡನ್ನೂ ಎದುರಿಗಿಟ್ಟುಕೊಂಡು ಒಂದು ಸಂಜೆಯೆಲ್ಲ ಕುಳಿತೆವು. ಒಬ್ಬರನ್ನೂ ಜೋಡಿಸಲು ಆಗಲಿಲ್ಲ.

ಇದಾದ ಮೇಲೆ ಆಡಳಿತ ಮಂಡಳಿಯ ಸಭೆಯಲ್ಲಿ, ನಮ್ಮ ಸದಸ್ಯರ ತೋಟಗಳಲ್ಲಿ ವರ್ಷವಿಡೀ ನಡೆಯುವ ಕೆಲಸಗಳ ಫೋಟೋಗಳನ್ನು ಸಂಗ್ರಹಿಸಿ ಸಂಘದಲ್ಲಿ ಒಂದು ಆಲ್ಬಂ ಇಡಬೇಕೆಂದು ತೀರ್ಮಾನವಾಯಿತು. ಫೋಟೋ ತೆಗೆಯಲು ಪೇಟೆಯಿಂದ ಯಾರನ್ನೂ ಕರೆಸುವುದಿಲ್ಲ. ಸದಸ್ಯರೂ ಅವರ ಮಕ್ಕಳೂ ತೋಟದಲ್ಲಿ ದುಡಿಯುವವರೂ ತಾವೇ ತೆಗೆದು ಕೊಡಬೇಕು. ಬೆಳೆ ಸಮೀಕ್ಷೆಗೆ ರೈತರೇ ಮೊಬೈಲಿನಲ್ಲಿ ಚಿತ್ರ ತೆಗೆದು ಕಳಿಸುವ ಕ್ರಮ 2020ರಲ್ಲಿ ಬಂದ ಮೇಲೆ ನಮ್ಮಲ್ಲಿ ಫೋಟೋ ತೆಗೆಯದ ರೈತ ಅಪರೂಪ. ಹಾಗಿದ್ದರೂ ಈ ಲೇಖನ ಬರೆಯಬೇಕಾಗಿ ಬಂದದ್ದೇಕೆಂದರೆ, ಮೊದಲ ಕಂತಿನಲ್ಲಿ ಬಂದ ಚಿತ್ರಗಳಲ್ಲಿ ಮುಕ್ಕಾಲು ಪಾಲು ಅದೇ ಹಳೆಯ ಚಿತ್ರಗಳು: ರಾಶಿ, ಪಕ್ಕದಲ್ಲಿ ಮಾಲೀಕರು. ಕೋಟು ಹೋಗಿ ಟೀ ಶರ್ಟು ಬಂದಿದೆ, ಅಷ್ಟೇ ವ್ಯತ್ಯಾಸ.

ಹಿಂದಿನವರಿಗೆ ಒಂದು ಕಾರಣವಾದರೂ ಇತ್ತು. ಆಗ ಊರಿಗೊಂದೋ ಎರಡೋ ಕ್ಯಾಮೆರಾ. ಆಗ್ಫಾ ಕ್ಲಿಕ್‌ನಂಥ ಪೆಟ್ಟಿಗೆ ಕ್ಯಾಮೆರಾದಲ್ಲಿ ಒಂದು ರೋಲಿಗೆ 12 ಚಿತ್ರ. ಹನ್ನೆರಡರಲ್ಲಿ ನಾಲ್ಕು ಮದುವೆಗೆ, ನಾಲ್ಕು ಮಕ್ಕಳಿಗೆ ಹೋದರೆ ಕೊಯ್ಲಿಗೆ ಉಳಿಯುವುದು ಒಂದೋ ಎರಡೋ. ಷಟರ್ ನಿಧಾನವಾದ್ದರಿಂದ ಕೈ ಅಲ್ಲಾಡಿದರೆ ಚಿತ್ರ ಮಸುಕಾಗುತ್ತಿತ್ತು. ಹಾಗಾಗಿ ಎಲ್ಲರೂ ಕೆಲಸ ನಿಲ್ಲಿಸಿ ಉಸಿರು ಬಿಗಿಹಿಡಿದು ನಿಲ್ಲಬೇಕು. ಕ್ಯಾಮೆರಾ ಮಳೆಗೆ ಹೆದರುವ ವಸ್ತು. ಆದ್ದರಿಂದ ಪೆಟ್ಟಿಗೆಯ ಅಷ್ಟೂ ಚಿತ್ರಗಳಲ್ಲಿ ಮಳೆಗಾಲದ್ದು ಒಂದೂ ಇಲ್ಲ. ನೂರಾರು ಅಂಗುಲ ಮಳೆ ಬೀಳುವ ನಾಡಿನ ತೋಟಗಾರಿಕೆಯ ಚಿತ್ರಗಳಲ್ಲಿ ಗೊರಬು ಸೂಡಿದ ಒಬ್ಬ ಹೆಂಗಸಿಲ್ಲ, ಕಂಬಳಿ ಕೊಪ್ಪೆ ಹಾಕಿದ ಒಬ್ಬ ಗಂಡಸಿಲ್ಲ. ಕೊಳೆರೋಗಕ್ಕೆ 1910ರಲ್ಲಿ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯ ಲೆಸ್ಲಿ ಕೋಲ್ಮನ್ನರು ವರದಿ ಬರೆದು, ಬೋರ್ಡೋ ದ್ರಾವಣ ಕ್ರಮೇಣ ರೂಢಿಗೆ ಬರುವ ಮೊದಲು, ನಮ್ಮ ಹಿರಿಯರು ಪ್ರತಿ ಗೊನೆಗೂ ಕೊಟ್ಟೆ ಕಟ್ಟಿ ಮಳೆಯಿಂದ ಕಾಪಾಡುತ್ತಿದ್ದರು. ಮರ ಮರ ಹತ್ತಿ ಕಟ್ಟುವ ಆ ಕೆಲಸ ಹೇಗೆ ನಡೆಯುತ್ತಿತ್ತೆಂದು ತೋರಿಸಲು ನಮ್ಮ ಪೆಟ್ಟಿಗೆಯಲ್ಲಿ ಒಂದು ಚಿತ್ರವಿಲ್ಲ.

ಈಗ ಅಂಥದೇ ಇನ್ನೊಂದು ಕಾಲ ಬಂದಿದೆ. ಕಾರ್ಬನ್ ಫೈಬರ್ ದೋಟಿ ಬಂದು ನೆಲದ ಮೇಲೆ ನಿಂತೇ ಗೊನೆ ಇಳಿಸುವವರೂ ಔಷಧಿ ಹೊಡೆಯುವವರೂ ಹೆಚ್ಚುತ್ತಿದ್ದಾರೆ. ಇದು ಒಳ್ಳೆಯದೇ, ಮರದಿಂದ ಬಿದ್ದು ಸೊಂಟ ಮುರಿದುಕೊಂಡವರನ್ನು ಕಂಡವರು ಯಾರೂ ಬೇಡವೆನ್ನಲಾರರು. ಸುಲಿಯುವ ಯಂತ್ರ ಬಹುಪಾಲು ಅಂಗಳಗಳಿಗೆ ಬಂದಾಗಿದೆ. ಕಾಫಿ ಕೊಯ್ಲಿಗೆ ಅಸ್ಸಾಮ್, ಜಾರ್ಖಂಡ್ ಕಡೆಯಿಂದ ಜನ ಬಂದು ಹೋಗುತ್ತಿದ್ದಾರೆ. ಒಂದು ಮರದ ತಲೆಯಿಂದ ಇನ್ನೊಂದು ಮರಕ್ಕೆ ಬಾಗಿ ದಾಟುವ ಕೊನೆಗಾರನನ್ನು ನಮ್ಮ ಮೊಮ್ಮಕ್ಕಳು ನೋಡದೆ ಹೋಗಬಹುದು. ಅವನ ಕಾಲಿನ ತಳೆ, ಗೊನೆ ಜಾರಿಸಿ ಇಳಿಸುವ ಹಗ್ಗ, ಕೆಳಗೆ ಅದನ್ನು ಹಿಡಿದು ನಿಲ್ಲುವವನ ಲೆಕ್ಕಾಚಾರ, ಇವೆಲ್ಲ ಇನ್ನೂ ಕಣ್ಣೆದುರಿಗಿರುವಾಗಲೇ ಚಿತ್ರವಾಗಬೇಕು.

ಇಂಥ ಕೆಲಸವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ ಒಂದು ಉದಾಹರಣೆ ಅಮೆರಿಕದಲ್ಲಿದೆ. 1929ರ ನಂತರದ ಆರ್ಥಿಕ ಮುಗ್ಗಟ್ಟು, ಅದರ ಮೇಲೆ ಬರಗಾಲ, ಧೂಳಿನ ಬಿರುಗಾಳಿ ಸೇರಿ ಅಲ್ಲಿಯ ರೈತರು ಜಮೀನು ಬಿಟ್ಟು ಊರೂರು ಅಲೆಯುವಂತಾದಾಗ, ಅಲ್ಲಿಯ ಸರ್ಕಾರ 1935ರಲ್ಲಿ ರೈತರ ಪುನರ್ವಸತಿಗೆ ಒಂದು ಇಲಾಖೆ ತೆರೆಯಿತು. 1937ರಲ್ಲಿ ಅದಕ್ಕೆ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಎಂದು ಹೆಸರಾಯಿತು. ಅದರ ಫೋಟೋ ವಿಭಾಗದ ಮುಖ್ಯಸ್ಥರು ರಾಯ್ ಸ್ಟ್ರೈಕರ್. ಅವರು ಫೋಟೋಗ್ರಾಫರ್ ಅಲ್ಲ, ಅರ್ಥಶಾಸ್ತ್ರದ ಮೇಷ್ಟ್ರು. ಅವರ ಕೈಕೆಳಗೆ ಕೆಲಸ ಮಾಡಿದವರು ತೆಗೆದ ಒಂದೂವರೆ ಲಕ್ಷಕ್ಕೂ ಹೆಚ್ಚು ನೆಗೆಟಿವುಗಳು ಇಂದಿಗೂ ವಾಷಿಂಗ್ಟನ್ನಿನ ಲೈಬ್ರರಿ ಆಫ್ ಕಾಂಗ್ರೆಸ್ಸಿನಲ್ಲಿವೆ.

ಸ್ಟ್ರೈಕರ್ ಅವರ ಒಂದು ಪ್ರಸಂಗ ನಮಗೆ ಬಹಳ ಹಿಡಿಸಿತು. ಕಾರ್ಲ್ ಮೈಡನ್ಸ್ ಎಂಬ ಫೋಟೋಗ್ರಾಫರ್ ಹತ್ತಿ ಬೆಳೆಯುವ ಸೀಮೆಗೆ ಹೊರಟು ನಿಂತಿದ್ದರು. ಹತ್ತಿಯ ಬಗ್ಗೆ ಏನು ಗೊತ್ತು ಎಂದು ಸ್ಟ್ರೈಕರ್ ಕೇಳಿದರು. ಹೆಚ್ಚೇನೂ ಗೊತ್ತಿಲ್ಲ ಎಂದರು ಮೈಡನ್ಸ್. ಆ ದಿನದ ಪ್ರಯಾಣ ಅಲ್ಲಿಗೇ ನಿಂತಿತು. ಸ್ಟ್ರೈಕರ್ ಅವರನ್ನು ಎದುರಿಗೆ ಕೂರಿಸಿಕೊಂಡು, ಊಟದ ಹೊತ್ತು ದಾಟಿ ರಾತ್ರಿಯಾಗುವವರೆಗೆ ಹತ್ತಿಯ ಬೇಸಾಯ, ವ್ಯಾಪಾರ, ಇತಿಹಾಸ ಎಲ್ಲ ಹೇಳಿ, ಅನಂತರವೇ ಕಳಿಸಿದರು. ಬೆಳೆ ತಿಳಿಯದವನಿಗೆ ಏನನ್ನು ತೆಗೆಯಬೇಕೆಂದೇ ತಿಳಿಯುವುದಿಲ್ಲ ಎಂಬುದು ಅವರ ನಿಲುವು. ಈ ವಿಷಯದಲ್ಲಿ ನಮ್ಮ ಸದಸ್ಯರು ಮೈಡನ್ಸರಿಗಿಂತ ಮುಂದಿದ್ದಾರೆ. ಪೇಟೆಯಿಂದ ಬಂದವರಿಗೆ ಕೆಂಪು ಹಣ್ಣು, ಮಂಜು, ಬುಟ್ಟಿ ಇಷ್ಟೇ ಕಾಣುತ್ತದೆ. ಕೆಲಸ ಎಲ್ಲಿ ಕಷ್ಟ, ಎಲ್ಲಿ ಕೈಚಳಕ, ಎಲ್ಲಿ ಅಪಾಯ ಎಂಬುದು ಬಲ್ಲವರಿಗೇ ಗೊತ್ತು.

ಆದ್ದರಿಂದ ಒಂದೇ ಒಂದು ಚೆಂದದ ಚಿತ್ರಕ್ಕಾಗಿ ಕಾಯಬೇಡಿ. ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಹಿಂಬಾಲಿಸಿ. ಕೆಂಪಡಿಕೆಯಾದರೆ ಮರದಿಂದ ಇಳಿದ ಗೊನೆ, ಹೊತ್ತು ತರುವುದು, ಕಾಯಿ ಉದುರಿಸುವುದು, ಮೆಟ್ಟುಗತ್ತಿಯ ಮುಂದೆ ಸುಲಿಯುವುದು, ಸುಲಿದದ್ದನ್ನು ಡಬ್ಬದಲ್ಲಿ ಅಳೆಯುವುದು, ಚೊಗರು ಹಾಕಿ ಹಂಡೆಯಲ್ಲಿ ಬೇಯಿಸುವುದು, ಅಟ್ಟದ ಮೇಲೆ ಹರಡುವುದು, ಸಂಜೆ ಇಬ್ಬನಿಗೆ ಮೊದಲು ಮುಚ್ಚುವುದು, ಕೊನೆಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂದು ಬೇರ್ಪಡಿಸುವುದು. ಒಂದೊಂದಕ್ಕೂ ದೂರದಿಂದ ಒಂದು ಚಿತ್ರ, ಕೈ ಮಾತ್ರ ಕಾಣುವಂತೆ ಹತ್ತಿರದಿಂದ ಒಂದು. ಸುಲಿಯುವವರ ಬೆರಳು ಹತ್ತಿರದಿಂದ ನೋಡಿದರೆ ಚೊಗರಿನ ಕಪ್ಪು ಉಗುರಿನ ಬುಡದವರೆಗೆ ಇಳಿದಿರುತ್ತದೆ. ನೂರು ಮಾತು ಬರೆದರೂ ಅದು ಓದುವವರಿಗೆ ಕಾಣುವುದಿಲ್ಲ.

ಕಾಫಿಯಲ್ಲಿಯೂ ಹಾಗೆಯೇ. ನವೆಂಬರಿನಿಂದ ಅರೇಬಿಕಾ, ಅದರ ಹಿಂದೆ ಜನವರಿಯಿಂದ ರೊಬಸ್ಟಾ ಕೊಯ್ಲು ಎಲ್ಲರೂ ತೆಗೆಯುವ ಚಿತ್ರಗಳೇ. ಮರಗಸಿ, ಚಿಗುರು ತೆಗೆಯುವುದು, ಬೋರರ್ ಹುಳ ಹತ್ತಿದ ಗಿಡವನ್ನು ಹುಡುಕಿ ಕಿತ್ತು ಸುಡುವುದು, ಹೂಮಳೆ ಬಾರದ ವರ್ಷ ರಾತ್ರಿಯೆಲ್ಲ ಸ್ಪ್ರಿಂಕ್ಲರ್ ಪೈಪು ಬದಲಿಸುವುದು, ಇವುಗಳನ್ನು ತೆಗೆದವರು ಕಡಿಮೆ. ಕೊಯ್ಲಿನಲ್ಲಿಯೂ ಸಂಜೆ ತೂಕದ ಹೊತ್ತಿನ ಚಿತ್ರ ನಮ್ಮ ಸಂಗ್ರಹದಲ್ಲಿ ಒಂದೂ ಇಲ್ಲ. ದಿನವಿಡೀ ಕೊಯ್ದ ಹಣ್ಣಿನ ಚೀಲವನ್ನು ತಕ್ಕಡಿಗೆ ಇಟ್ಟು, ಮುಳ್ಳು ಎಲ್ಲಿ ನಿಲ್ಲುತ್ತದೋ ಎಂದು ನೋಡುವ ಮುಖಗಳನ್ನು ಮಾಲೀಕರಾದ ನಾವು ಏಕೆ ತೆಗೆಯಲಿಲ್ಲವೋ ಓದುಗರೇ ಊಹಿಸಬಹುದು.

ಇನ್ನು ಬೆಳಕಿನ ವಿಷಯ. ನೆರಳು ದಟ್ಟವಾಗಿರುವ ತೋಟದಲ್ಲಿ ನಡುಹಗಲು ಫೋಟೋ ತೆಗೆದರೆ ಎಲೆಗಳ ನಡುವಿನಿಂದ ಬಿದ್ದ ಬಿಸಿಲು ಮುಖದ ಮೇಲೆ ಬಿಳಿ ಚುಕ್ಕೆಗಳಾಗಿ ಕೂರುತ್ತದೆ, ಉಳಿದದ್ದು ಕಪ್ಪಾಗುತ್ತದೆ. ಕಣ್ಣು ಇದನ್ನು ಸರಿಪಡಿಸಿಕೊಂಡು ನೋಡುತ್ತದೆ, ಮೊಬೈಲು ಅಷ್ಟು ಸಮರ್ಥವಲ್ಲ. ಬೆಳಿಗ್ಗೆ ಒಂಬತ್ತರೊಳಗೆ, ಸಂಜೆ ನಾಲ್ಕರ ಮೇಲೆ ಅಥವಾ ಮೋಡ ಮುಸುಕಿದ ದಿನ ತೆಗೆಯುವುದು ಲೇಸು. ಮೊಬೈಲಿನ ಪರದೆಯ ಮೇಲೆ ಮುಖವಿರುವ ಜಾಗವನ್ನು ಬೆರಳಿನಿಂದ ಒಮ್ಮೆ ಮುಟ್ಟಿದರೆ ಬೆಳಕಿನ ಲೆಕ್ಕ ಆ ಮುಖಕ್ಕೆ ಹೊಂದಿಕೊಳ್ಳುತ್ತದೆ. ಜೂಮ್ ಮಾಡಿ ಎಳೆಯುವ ಬದಲು ನಾಲ್ಕು ಹೆಜ್ಜೆ ಹತ್ತಿರ ಹೋಗಿ. ಜೇಬಿನಲ್ಲಿದ್ದ ಮೊಬೈಲಿನ ಗಾಜಿಗೆ ಬೆವರು, ಎಣ್ಣೆ ಹತ್ತಿರುತ್ತದೆ. ಪಂಚೆಯ ಒಣ ತುದಿಯಿಂದ ಒರೆಸಿದರೂ ಸಾಕು, ಅರ್ಧ ಮಸುಕು ಹೋಗುತ್ತದೆ. ಬೇಯಿಸುವ ಒಲೆಯ ಬಳಿ ಫ್ಲಾಶ್ ಹಾಕಬೇಡಿ. ಹಾಕಿದರೆ ಹಬೆ ಬಿಳಿ ಗೋಡೆಯಂತೆ ಬಂದು ಹಿಂದಿನವರು ಮರೆಯಾಗುತ್ತಾರೆ. ಒಲೆಯ ಬೆಂಕಿಯೂ ಒಂದು ಬಲ್ಬೂ ಇದ್ದರೆ ಸಾಕು. ಕೈ ಅಲುಗದಂತೆ ಕಂಬಕ್ಕೆ ಒರಗಿ ನಿಂತುಕೊಳ್ಳಿ.

ಕೊನೆಗಾರನ ಚಿತ್ರದ್ದು ಬೇರೆಯೇ ತೊಡಕು. ಮರದ ಬುಡದಲ್ಲಿ ನಿಂತು ಮೇಲಕ್ಕೆ ತೆಗೆದರೆ ಆಕಾಶದ ಬೆಳಕಿನೆದುರು ಅವನು ಕರಿಯ ಗೊಂಬೆಯಾಗಿ ಕಾಣುತ್ತಾನೆ, ಅದೂ ಪಾದದ ಕಡೆಯಿಂದ. ನಮ್ಮ ತೋಟಗಳು ಹೆಚ್ಚಾಗಿ ಕಣಿವೆಯಲ್ಲಿವೆಯಷ್ಟೆ. ಮೇಲಿನ ಧರೆಗೆ ಹತ್ತಿ ನಿಂತರೆ ಮರದ ತಲೆ ನಮ್ಮ ಕಣ್ಣಿನ ಮಟ್ಟಕ್ಕೆ ಬರುತ್ತದೆ, ಹಿನ್ನೆಲೆಗೆ ಆಕಾಶದ ಬದಲು ಎದುರು ಗುಡ್ಡದ ಹಸಿರು ಸಿಗುತ್ತದೆ. ಅಲ್ಲಿಂದ ಅವನ ಮುಖವೂ ಕಾಣುತ್ತದೆ, ಕೈಯೂ ಕಾಣುತ್ತದೆ. ಆದರೆ ಒಂದು ಮಾತು. ಮರದ ಮೇಲಿದ್ದವನನ್ನು ಯಾವ ಕಾರಣಕ್ಕೂ ಕೂಗಬೇಡಿ, "ಇತ್ತ ನೋಡು ಮಾರಾಯ" ಎನ್ನಬೇಡಿ. ಏರುವ ಮೊದಲೇ ಹೇಳಿ ಒಪ್ಪಿಸಿ, ಮೇಲೆ ಹೋದ ಮೇಲೆ ಸುಮ್ಮನಿದ್ದು ತೆಗೆಯಿರಿ.

ರೋಗ, ನಷ್ಟಗಳ ಚಿತ್ರದ ಬಗ್ಗೆ ಎರಡೇ ಮಾತು, ಏಕೆಂದರೆ ಅದು ಬೇರೆ ಲೇಖನದ ವಿಷಯ. ಎಲೆಚುಕ್ಕಿಯಾಗಲಿ ಕೊಳೆಯಾಗಲಿ, ಮೊದಲು ಇಡೀ ಮರ, ಆಮೇಲೆ ಸೋಗೆ ಅಥವಾ ಗೊನೆ, ಆಮೇಲೆ ಚುಕ್ಕೆ. ಅಳತೆ ತಿಳಿಯಲು ಪಕ್ಕದಲ್ಲಿ ಒಂದು ನಾಣ್ಯವಿರಲಿ. ಎಲೆಯೊಂದನ್ನೇ ಹತ್ತಿರದಿಂದ ತೆಗೆದು ಕಳಿಸಿದರೆ ಎಂಥ ತಜ್ಞರೂ ಊಹೆಯನ್ನಷ್ಟೇ ಹೇಳಬಲ್ಲರು.

ಈಗ ಚಿತ್ರದ ಸಾಚಾತನಕ್ಕೆ ಬರೋಣ. ಸ್ಟ್ರೈಕರ್ ಅವರ ತಂಡದ ಆರ್ಥರ್ ರಾತ್‌ಸ್ಟೀನ್ 1936ರಲ್ಲಿ ದಕ್ಷಿಣ ಡಕೋಟಾದ ಬರದ ನಾಡಿನಲ್ಲಿ ಬಿಸಿಲಿಗೆ ಬಿಳಿಚಿದ ಒಂದು ದನದ ತಲೆಬುರುಡೆಯ ಫೋಟೋ ತೆಗೆದರು. ನೆರಳು ಬೆಳಕು ಚೆನ್ನಾಗಿ ಬರಲೆಂದು ಅದನ್ನು ಹತ್ತು ಅಡಿಯಷ್ಟು ಸರಿಸಿ, ಬಿರುಕು ಬಿಟ್ಟ ನೆಲದ ಮೇಲೂ ಇಟ್ಟು ತೆಗೆದಿದ್ದರು. ಅದು ಚುನಾವಣೆಯ ವರ್ಷ. ವಿರೋಧಿ ಪತ್ರಿಕೆಗಳಿಗೆ ಸುದ್ದಿ ಸಿಕ್ಕಿತು. ಸರ್ಕಾರ ಬುರುಡೆ ಹೊತ್ತುಕೊಂಡು ತಿರುಗಿ ಬರಗಾಲ ಸೃಷ್ಟಿಸುತ್ತಿದೆ ಎಂದು ಗದ್ದಲವೆದ್ದಿತು. ಬರ ನಿಜ, ದನ ಸತ್ತದ್ದು ನಿಜ. ಆದರೂ ಹತ್ತು ಅಡಿ ಸರಿಸಿದ್ದರಿಂದ ಉಳಿದ ಸಾವಿರ ಚಿತ್ರಗಳ ಮೇಲೂ ಅನುಮಾನ ಬಂತು. ನಮ್ಮಲ್ಲಿಯೂ ಹಸಿರು, ಅರೆಹಣ್ಣು ಬೆರೆತ ರಾಶಿಯ ಮೇಲೆ ಒಂದು ಬುಟ್ಟಿ ಕೆಂಪು ಹಣ್ಣು ಹರಡಿ ತೆಗೆದ ಚಿತ್ರವೊಂದು ಬಂದಿದೆ. ಚೀಲದಲ್ಲಿ ಹೀಗೆ ಮಾಡಿದರೆ ವ್ಯಾಪಾರಿ ಏನೆನ್ನುತ್ತಾನೆಂದು ಸದಸ್ಯರಿಗೆ ನಾವು ಹೇಳಬೇಕಾಗಿಲ್ಲ.

ಇದಕ್ಕಿಂತ ಗಂಭೀರವಾದದ್ದು ಚಿತ್ರದಲ್ಲಿರುವ ಮನುಷ್ಯರ ಪ್ರಶ್ನೆ. ಅದೇ ತಂಡದಲ್ಲಿ ಡೊರೋಥಿಯಾ ಲ್ಯಾಂಗ್ ಎಂಬ ಹೆಸರಾಂತ ಮಹಿಳೆ ಇದ್ದರು. 1936ರ ಮಾರ್ಚಿನಲ್ಲಿ ಕ್ಯಾಲಿಫೋರ್ನಿಯಾದ ನಿಪೋಮೋ ಎಂಬಲ್ಲಿ ಬಟಾಣಿ ಕೊಯ್ಯುವವರ ಬಿಡಾರದ ಫಲಕವನ್ನು ದಾರಿಯಲ್ಲಿ ಕಂಡು ಮುಂದೆ ಹೋದವರು, ಇಪ್ಪತ್ತು ಮೈಲಿ ಹೋದ ಮೇಲೆ ಮನಸ್ಸು ತಡೆಯದೆ ತಿರುಗಿ ಬಂದರು. ಚಳಿಗೆ ಬೆಳೆ ಹಾಳಾಗಿ ಕೊಯ್ಯಲು ಕೆಲಸವಿರಲಿಲ್ಲ. ಒಂದು ಡೇರೆಯಲ್ಲಿ ಮಕ್ಕಳನ್ನು ತಬ್ಬಿ ಕುಳಿತ ತಾಯಿಯ ಕೆಲವು ಚಿತ್ರ ತೆಗೆದು, ಕೆಲವೇ ನಿಮಿಷಗಳಲ್ಲಿ ಹೊರಟರು. ಚಿತ್ರ ಪತ್ರಿಕೆಯಲ್ಲಿ ಬಂದು ಸರ್ಕಾರ ಆ ಬಿಡಾರಕ್ಕೆ ಇಪ್ಪತ್ತು ಸಾವಿರ ಪೌಂಡು, ಅಂದರೆ ಸುಮಾರು ಒಂಬತ್ತು ಟನ್ ಆಹಾರ ಕಳಿಸಿತು. ಹಸಿದವರಿಗೆ ಅನ್ನ ಸಿಕ್ಕಿತು. ಈ ಚಿತ್ರದಿಂದ ಆದ ಒಳ್ಳೆಯದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ಆ ಹೊತ್ತಿಗೆ ಆ ತಾಯಿ ಮಕ್ಕಳೊಂದಿಗೆ ಬೇರೆ ಊರಿಗೆ ಕೆಲಸ ಹುಡುಕಿಕೊಂಡು ಹೋಗಿಯಾಗಿತ್ತು.

ಚಿತ್ರ ಜಗತ್ಪ್ರಸಿದ್ಧವಾಯಿತು. ಪುಸ್ತಕಗಳಲ್ಲಿ, ವಸ್ತುಸಂಗ್ರಹಾಲಯಗಳಲ್ಲಿ, 1998ರಲ್ಲಿ ಅಂಚೆಚೀಟಿಯ ಮೇಲೆ ಕೂಡ ಬಂತು. ಆದರೆ ಆಕೆಯ ಹೆಸರು ನಲವತ್ತೆರಡು ವರ್ಷ ಯಾರಿಗೂ ತಿಳಿದಿರಲಿಲ್ಲ. ತಾನು ಹೆಸರನ್ನಾಗಲಿ ಹಿನ್ನೆಲೆಯನ್ನಾಗಲಿ ಕೇಳಲಿಲ್ಲವೆಂದು ಲ್ಯಾಂಗ್ 1960ರಲ್ಲಿ ತಾವೇ ಬರೆದರು. ಬೇರೆ ಸಂದರ್ಭಗಳಲ್ಲಿ ಜನರ ಮಾತುಗಳನ್ನು ಶ್ರದ್ಧೆಯಿಂದ ಗುರುತು ಹಾಕಿಕೊಳ್ಳುತ್ತಿದ್ದವರು ಅವರು. 1978ರಲ್ಲಿ ಒಬ್ಬ ಪತ್ರಕರ್ತರು ಆ ತಾಯಿಯನ್ನು ಪತ್ತೆ ಹಚ್ಚಿದರು. ಆಕೆ ಅಲ್ಲಿಯ ಮೂಲನಿವಾಸಿ ಚೆರೋಕಿ ಜನಾಂಗದವರು ಎಂಬುದೂ ಆಗಲೇ ಹೊರಬಿದ್ದದ್ದು. ಕಾರಿನ ಟೈರು ಮಾರಿ ಊಟ ತಂದರೆಂದು ಚಿತ್ರದ ಜೊತೆ ಪ್ರಚಾರವಾಗಿದ್ದ ಕಥೆಯನ್ನು ಮನೆಯವರು ಸುಳ್ಳೆಂದರು. ಆ ಚಿತ್ರ ತೆಗೆಯದೇ ಇದ್ದಿದ್ದರೆ ಚೆನ್ನಾಗಿತ್ತು, ಅದರಿಂದ ತನಗೆ ಒಂದು ಕಾಸೂ ಬರಲಿಲ್ಲ, ಹೆಸರನ್ನು ಕೂಡ ಕೇಳಲಿಲ್ಲ ಎಂಬ ಅರ್ಥದ ಮಾತನ್ನು ಆಕೆ ಆಡಿದರು. ಸರ್ಕಾರದ ಚಿತ್ರವಾದ್ದರಿಂದ ಲ್ಯಾಂಗ್ ಅವರಿಗೂ ಅದರ ಹಕ್ಕಿನ ಹಣ ಬರಲಿಲ್ಲವೆಂಬುದನ್ನು ನ್ಯಾಯಕ್ಕಾಗಿ ಹೇಳಬೇಕು. ಆಕೆ 1983ರಲ್ಲಿ ತೀರಿಕೊಂಡರು.

ಇದನ್ನು ಓದಿದಾಗ ಅಮೆರಿಕದವರನ್ನು ತೆಗಳುವ ಧೈರ್ಯ ನಮಗೆ ಬರಲಿಲ್ಲ, ಏಕೆಂದರೆ ಇದೇ ತಪ್ಪನ್ನು ನಾವೇ ಮಾಡಿದ್ದೇವೆ. ಹಿರಿಯ ಸದಸ್ಯರಿಗೆ ನೆನಪಿರಬಹುದು, ಕೆಲವು ವರ್ಷಗಳ ಹಿಂದೆ ನಮ್ಮ ಸಂಘದಿಂದ ಗೋಡೆ ಕ್ಯಾಲೆಂಡರು ಹೊರಟಿತ್ತು. ಅದಕ್ಕಾಗಿ ಪೇಟೆಯಿಂದ ಫೋಟೋಗ್ರಾಫರನ್ನು ಕರೆತಂದು ಸದಸ್ಯರೊಬ್ಬರ ತೋಟದಲ್ಲಿ ತಿರುಗಾಡಿಸಿದವರು ನಾವು. ಕಾಫಿ ಕೊಯ್ಯುತ್ತಿದ್ದ ಒಬ್ಬ ಹೆಂಗಸಿಗೆ ಆತ "ಸ್ವಲ್ಪ ನಗಮ್ಮ, ಹೀಗೆ ಅಳುಮೋರೆ ಹಾಕಿದ್ರೆ ಹೇಗೆ" ಎಂದ. ಆಕೆ ನಮ್ಮ ಮುಖ ನೋಡಿದಳು. ನಾವೂ "ನಗಮ್ಮ, ಪರವಾಗಿಲ್ಲ" ಎಂದೆವು. ಆಕೆ ನಕ್ಕಳು. ಚಿತ್ರ ಬಹಳ ಚೆನ್ನಾಗಿ ಬಂತು. ಅದರ ಕೆಳಗೆ "ಸುಗ್ಗಿಯ ಸಂಭ್ರಮ" ಎಂದು ಬರೆದದ್ದು ನಮ್ಮದೇ ಪೆನ್ನು.

ಜನವರಿಯಲ್ಲಿ ಕ್ಯಾಲೆಂಡರು ಮನೆಮನೆಗೆ, ಅಂಗಡಿಗಳಿಗೆ, ಡಿಪೋಗೆ ಹೋಯಿತು. ಫೆಬ್ರವರಿಯ ಒಂದು ದಿನ ಆಕೆ ಕಚೇರಿಗೆ ಬಂದಳು. ಕೂರಲು ಹೇಳಿದರೂ ಕೂರಲಿಲ್ಲ. "ಫೋಟ ಚೆನಾಗಿ ಬಂದದೆ ಅಯ್ಯಾ. ಆದ್ರೆ ಆವಾಗ ನಮ್ಮನೆಯವ್ರು ತೀರ್ಕೊಂಡು ಎರಡು ತಿಂಗ್ಳೂ ಆಗಿರ್ಲಿಲ್ಲ. ಗಂಡ ಸತ್ತೋನು ಸತ್ತ, ಇವಳಿಗೆ ನಗು ನೋಡು ಅಂತ ಅತ್ತೆ ಮನೆಯೋರು ಆಡ್ಕೋತಾರೆ. ನೀವು ನಗು ಅಂದ್ರಿ, ನಕ್ಕೆ. ಅಷ್ಟೇಯ ಅಯ್ಯಾ," ಎಂದಳು. ಬೈಯಲಿಲ್ಲ. ಪರಿಹಾರವನ್ನೂ ಕೇಳಲಿಲ್ಲ.

ಹಂಚಿ ಮುಗಿದ ಕ್ಯಾಲೆಂಡರನ್ನು ವಾಪಸು ತರುವುದೆಲ್ಲಿಂದ? ಕಚೇರಿಯ ಗೋಡೆಯದನ್ನು ತೆಗೆದೆವು, ಗೊತ್ತಿದ್ದ ಅಂಗಡಿಗಳಿಗೆ ಹೋಗಿ ಕೇಳಿದೆವು. ಆಕೆಯ ಹಾಡಿಯ ಬಳಿಯ ಅಂಗಡಿಯಲ್ಲಿ ಅದು ಡಿಸೆಂಬರಿನವರೆಗೂ ತೂಗಾಡಿತೆಂದು ಆಮೇಲೆ ತಿಳಿಯಿತು. ಫೋಟೋಗ್ರಾಫರನಿಂದ ಆ ದಿನದ ಅಷ್ಟೂ ಚಿತ್ರಗಳನ್ನು ತರಿಸಿ ನೋಡಿದಾಗ, ನಗು ಎನ್ನುವ ಮೊದಲು ತೆಗೆದದ್ದೊಂದು ಸಿಕ್ಕಿತು. ಆಕೆ ಬುಟ್ಟಿಯ ಹಣ್ಣನ್ನು ಚೀಲಕ್ಕೆ ಸುರಿಯುತ್ತಿದ್ದಾಳೆ, ಕಣ್ಣು ಕೆಲಸದ ಮೇಲಿದೆ. ಅದನ್ನು ದೊಡ್ಡದಾಗಿ ಪ್ರಿಂಟು ಹಾಕಿಸಿ ತೆಗೆದುಕೊಂಡು ಹೋಗಿ ಕೊಟ್ಟೆವು. "ಇದು ನಾನು," ಎಂದು ತೆಗೆದುಕೊಂಡಳು. ಆ ಹೊತ್ತಿನವರೆಗೆ ಆಕೆಯ ಹೆಸರನ್ನು ನಾವು ಕೇಳಿರಲಿಲ್ಲ.

ಹೆಣ್ಣುಮಕ್ಕಳ ಕೆಲಸವೆಂದರೆ ಚಿತ್ರದ ಅಲಂಕಾರವೆಂದು ನಾವೊಬ್ಬರೇ ತಿಳಿದದ್ದಲ್ಲ. ಪತ್ರಕರ್ತ ಪಿ. ಸಾಯಿನಾಥರು 1993ರಿಂದ 2002ರವರೆಗೆ ಹತ್ತು ರಾಜ್ಯಗಳ ಹಳ್ಳಿಗಳಲ್ಲಿ ದುಡಿಯುವ ಹೆಂಗಸರ ಚಿತ್ರಗಳನ್ನೇ ತೆಗೆದು ಒಂದು ಪ್ರದರ್ಶನ ಮಾಡಿದರು. ಕಣ್ಣಿಗೆ ಕಾಣುವ ಕೆಲಸ, ಕಣ್ಣಿಗೆ ಕಾಣದ ಹೆಂಗಸು ಎಂಬರ್ಥದ ಹೆಸರು ಅದಕ್ಕೆ. ಅದನ್ನು ದೊಡ್ಡ ಊರಿನ ಕಲಾಮಂದಿರಗಳಿಗೆ ಸೀಮಿತ ಮಾಡದೆ ಬಸ್ ನಿಲ್ದಾಣ, ಕಾರ್ಖಾನೆ ಬಾಗಿಲು ಮುಂತಾದ ಕಡೆ, ದುಡಿಯುವವರು ನೋಡುವಲ್ಲಿಯೇ ಇಟ್ಟರು. ನಮ್ಮ ಆಲ್ಬಂ ಕೂಡ ಬೀಗ ಹಾಕಿದ ಕಪಾಟಿನಲ್ಲಿ ಇರುವುದಿಲ್ಲ. ಡಿಪೋದಲ್ಲಿ ಗೊಬ್ಬರ ಕೊಳ್ಳಲು ಬಂದವರು, ಚೀಲ ಹೊರುವವರು ಯಾರು ಬೇಕಾದರೂ ತಿರುವಿ ನೋಡಬಹುದು.

ಆದ್ದರಿಂದ ಆಲ್ಬಮ್ಮಿಗೆ ಕೊಡುವ ಪ್ರತಿ ಚಿತ್ರದ ಜೊತೆ ಒಂದು ಚೀಟಿ ಇರಬೇಕೆಂದು ನಿಯಮ ಮಾಡಿದ್ದೇವೆ. ಚಿತ್ರದಲ್ಲಿರುವವರ ಹೆಸರು, ಅವರು ಹೇಗೆ ಹೇಳಿದರೋ ಹಾಗೆ; ಅವರ ಊರು, ಮಾಡುತ್ತಿರುವ ಕೆಲಸ, ತಾರೀಕು, ತೋಟ, ತೆಗೆದವರ ಹೆಸರು. ಹೆಸರು ಬೇಡವೆಂದವರದ್ದನ್ನು ಬರೆಯಬೇಡಿ, ಚಿತ್ರವೇ ಬೇಡವೆಂದವರದ್ದನ್ನು ಅವರೆದುರೇ ಅಳಿಸಿ. ದೂರದ ರಾಜ್ಯದಿಂದ ಬಂದವರ ಬಳಿ ಭಾಷೆಯ ತೊಡಕಿರುತ್ತದೆ. ಮೇಸ್ತ್ರಿಯ ಮೂಲಕ ಕೇಳಿಸಿ, ಆದರೆ ಮೇಸ್ತ್ರಿ ಹೂಂ ಎಂದರೆ ಅವರು ಹೂಂ ಎಂದಂತಲ್ಲ. ಚಿತ್ರವನ್ನು ಅವರಿಗೇ ತೋರಿಸಿ ಮುಖ ನೋಡಿ. ದಿನಗೂಲಿಗೆ ಬಂದವರು ಮಾಲೀಕರ ಎದುರು ಬೇಡವೆನ್ನಲು ಹಿಂಜರಿಯುತ್ತಾರೆಂಬುದು ನಮಗೆ ಮೇಲಿನ ಪ್ರಸಂಗದಿಂದಲೇ ತಿಳಿದಿದೆ. ಹಾಗಾಗಿ ಕೇಳುವ ಕೆಲಸವನ್ನು ಮನೆಯ ಹೆಂಗಸರೋ ಓದುವ ಮಕ್ಕಳೋ ಮಾಡಿದರೆ ಉತ್ತಮ. ದುಡಿಯುವವರ ಪುಟ್ಟ ಮಕ್ಕಳ ಚಿತ್ರವನ್ನು ತಂದೆ ತಾಯಿ ಒಪ್ಪದೆ ತೆಗೆಯಬೇಡಿ. ತೆಗೆದ ಚಿತ್ರವನ್ನು ಆಲ್ಬಮ್ಮಿಗೆಂದು ಒಪ್ಪಿಸಿ ವಾಟ್ಸಾಪ್ ಗುಂಪಿಗೆ ಹಾಕುವುದು ಬೇರೆ ವಿಷಯ. ಅದಕ್ಕೆ ಬೇರೆಯಾಗಿಯೇ ಕೇಳಬೇಕು. ಆಯ್ದ ಚಿತ್ರಗಳ ಎರಡೆರಡು ಪ್ರಿಂಟನ್ನು ಸಂಘದ ಖರ್ಚಿನಲ್ಲಿ ಹಾಕಿಸುತ್ತೇವೆ. ಒಂದು ಆಲ್ಬಮ್ಮಿಗೆ, ಒಂದು ಚಿತ್ರದಲ್ಲಿರುವವರ ಮನೆಗೆ.

ಪ್ರಿಂಟು ಏಕೆ, ಮೊಬೈಲಿನಲ್ಲಿದ್ದರೆ ಸಾಲದೆ ಎಂದು ಯುವಕರು ಕೇಳುತ್ತಾರೆ. ಮೊಬೈಲು ಕೆರೆಗೆ ಬಿದ್ದ ದಿನ ಐದು ವರ್ಷದ ಚಿತ್ರ ಕಳೆದುಕೊಂಡವರು ನಮ್ಮ ಸದಸ್ಯರಲ್ಲೇ ಇದ್ದಾರೆ. ಪ್ರಿಂಟಿನ ಹಿಂದೆ ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಬಾಲ್ ಪೆನ್ನಿನಲ್ಲಿ ಒತ್ತಿ ಬರೆದರೆ ಮುಂಬದಿಗೆ ಗೆರೆ ಮೂಡುತ್ತದೆ, ಶಾಯಿ ನಮ್ಮ ಮಳೆಗಾಲದ ತೇವಕ್ಕೆ ಹರಡುತ್ತದೆ. ಮನೆಯಲ್ಲಿರುವ ಹಳೆಯ ಫೋಟೋಗಳನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡಬೇಡಿ, ಒಳಗೇ ಬೆವರಿ ಅಂಟಿಕೊಳ್ಳುತ್ತವೆ. ಕಾಗದದ ಲಕೋಟೆಗಳಲ್ಲಿ ಬೇರ್ಪಡಿಸಿ, ಗೋಡೆಗೆ ತಾಗದ ಕಪಾಟಿನಲ್ಲಿಡಿ. ಅಂಟಿಕೊಂಡದ್ದನ್ನು ಕಿತ್ತು ಬಿಡಿಸುವ ಸಾಹಸ ಮಾಡದೆ ಹಾಗೆಯೇ ಕಚೇರಿಗೆ ತಂದುಕೊಡಿ.

ಪೆಟ್ಟಿಗೆಯಲ್ಲಿ ಸಿಕ್ಕ ಹಳೆಯ ಚಿತ್ರಗಳನ್ನೆಲ್ಲ ಸ್ಕ್ಯಾನ್ ಮಾಡಿಸಿ, ಅವುಗಳ ನಕಲನ್ನು ಕಚೇರಿಯ ಉದ್ದನೆಯ ಮೇಜಿನ ಮೇಲೆ ಹರಡಿದ್ದೇವೆ. ಪಕ್ಕದಲ್ಲಿ ಒಂದು ನೋಟ್‌ಬುಕ್ಕು ಇದೆ. ಯಾರನ್ನಾದರೂ ಗುರುತಿಸಿದವರು ಅದರಲ್ಲಿ ಬರೆಯಬಹುದು, ಬರೆಯಲು ಬಾರದವರು ಗುಮಾಸ್ತರಿಗೆ ಹೇಳಬಹುದು. ಮೊದಲು ವಿವರಿಸಿದ ಫೋಟೋದಲ್ಲಿ ಹಗ್ಗದ ಸುರುಳಿ ಹೊತ್ತವರು ತಮ್ಮ ತಂದೆಯೆಂದು, ಹೋದ ತಿಂಗಳು ಔಷಧಿಗೆ ಮೈಲುತುತ್ತ ಒಯ್ಯಲು ಬಂದಿದ್ದ ಹಿರಿಯರೊಬ್ಬರು ಗುರುತಿಸಿದರು. ಮೇಜಿನ ಮುಂದೆ ಬಹಳ ಹೊತ್ತು ನಿಂತಿದ್ದರು. ತಂದೆಯ ಬೇರೆ ಫೋಟೋ ಅವರ ಮನೆಯಲ್ಲಿ ಇಲ್ಲವಂತೆ. ಒಂದು ಪ್ರಿಂಟು ಹಾಕಿಸಿ ಕೊಟ್ಟಿದ್ದೇವೆ. ಉಳಿದ ಆರು ಮಂದಿ ಯಾರೆಂದು ಅವರಿಗೂ ನೆನಪಾಗಲಿಲ್ಲ. ಕಚೇರಿ ವೇಳೆಯಲ್ಲಿ ಯಾವಾಗ ಬೇಕಾದರೂ ಬಂದು ನೋಡಿ, ಮನೆಯಲ್ಲಿ ವಯಸ್ಸಾದವರಿದ್ದರೆ ದಯವಿಟ್ಟು ಅವರನ್ನೂ ಕರೆತನ್ನಿ.